ತರಗು ಬೆಂಕಿ ಮತ್ತು ಬಿಳಿಗಿರಿಯ ಕಾಡು

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ದಿನಗಳಲ್ಲಿ, ರಾತ್ರಿ ಊಟವಾದ ಮೇಲೆ ಯಳಂದೂರಿನ ಊರ ಹೊರಗೆ ನಿಂತು ಪೂರ್ವದ ಕಡೆಗೆ ಕಣ್ಣು ಹಾಯಿಸಿದರೆ ಕೆಲವು ವರ್ಷ ಒಂದು ನೋಟ ಕಾಣುವುದುಂಟು. ಬಿಳಿಗಿರಿರಂಗನ ಬೆಟ್ಟದ ಕಪ್ಪು ಮೈಮೇಲೆ ಕೆಂಪು ಗೆರೆಯೊಂದು, ಯಾರೋ ದೀಪದ ಸಾಲು ಹಚ್ಚಿಟ್ಟಂತೆ, ಮೆಲ್ಲಮೆಲ್ಲನೆ ಮೇಲಕ್ಕೆ ಏರುತ್ತಿರುತ್ತದೆ. ಪೇಟೆಯಿಂದ ಬಂದ ನೆಂಟನಾದರೆ ‘ಅಯ್ಯೋ, ಕಾಡು ಹೋಯಿತಲ್ಲ!’ ಎಂದು ಉದ್ಗರಿಸುತ್ತಾನೆ. ಊರಿನ ಮುದುಕ ಮಾತಾಡದೆ ಎಲೆಯಡಿಕೆ ಹಾಕಿಕೊಳ್ಳುತ್ತಾನೆ. ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಅದೇ ನೆಂಟ ಮತ್ತೆ ಬಂದರೆ ಸುಟ್ಟು ಕರಿಯಾದ ಇಳಿಜಾರೆಲ್ಲ ಗಿಳಿಹಸುರಾಗಿರುತ್ತದೆ. ಹೋಯಿತೆಂದ ಕಾಡು ಎಲ್ಲಿಂದ ಬಂತು? ಬಂದದ್ದು ಮೊದಲಿನ ಕಾಡೇ, ಅಥವಾ ಬೇರೆ ಯಾವುದೋ?

ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ಉತ್ತರ ಹುಡುಕಲು ನೂರೈವತ್ತು ವರ್ಷಗಳಿಂದ ದೊಡ್ಡ ದೊಡ್ಡ ಸಾಹೇಬರು ತಲೆ ಕೆಡಿಸಿಕೊಂಡಿದ್ದಾರೆ, ಕಾಯಿದೆಗಳು ಆಗಿವೆ, ಬೆಟ್ಟದ ಮೇಲಿನ ಸೋಲಿಗರ ಬದುಕು ಆ ಕಾಯಿದೆಗಳ ಅಡಿಯಲ್ಲಿ ಸಿಕ್ಕಿ ನಲುಗಿದೆ. ಆದುದರಿಂದ ಈ ಬೆಂಕಿಯ ಚರಿತ್ರೆಯನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಒಳ್ಳೆಯದು.

ಮೊದಲು ನೆಲದ ಸಂಗತಿ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ಇಂದು ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಹಿಂದೆ ಹೀಗಿರಲಿಲ್ಲ. ೧೭೯೯ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲದ ಸೀಮೆ ಕಂಪನಿ ಸರ್ಕಾರದ ಪಾಲಾಗಿ, ಕೊಯಮತ್ತೂರು ಜಿಲ್ಲೆಗೆ ಸೇರಿ, ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. ೧೯೫೬ರ ನವೆಂಬರ್ ೧ರಂದು ಮಾತ್ರ ಕನ್ನಡ ರಾಜ್ಯಕ್ಕೆ ಹಿಂದಿರುಗಿತು. ಯಳಂದೂರಾದರೋ ಮೈಸೂರಿನಲ್ಲೇ ಉಳಿಯಿತು. ೧೮೦೭ರಲ್ಲಿ ಅದು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿತು. ಹನೂರು ತೀರ ಇತ್ತೀಚಿನವರೆಗೆ ಕೊಳ್ಳೇಗಾಲದ ತಾಲ್ಲೂಕಿನೊಳಗೇ ಇತ್ತು. ಅಂತೂ ಒಂದೇ ಬೆಟ್ಟದ ಸಾಲು. ಪಡುವಣ ಇಳಿಜಾರಿಗೆ ಒಬ್ಬ ದೊರೆ, ಮೂಡಣ ಇಳಿಜಾರಿಗೆ ಇನ್ನೊಬ್ಬ. ಬೆಂಕಿಗೆ ಮಾತ್ರ ಈ ಗಡಿಯ ಪರಿವೆ ಇರಲಿಲ್ಲ. ಸೋಲಿಗರಿಗೂ ಇರಲಿಲ್ಲ. ಬಿಳಿಗಿರಿಯ ರಂಗನಾಥನನ್ನು ತಮ್ಮ ಭಾವನೆಂದು ಕರೆಯುವ ಇವರು, ಆಚೆ ಹನೂರಿನ ಸೀಮೆಯಲ್ಲಿ ಮಲೆಯ ಮಹದೇಶ್ವರನ ಕಥೆಯೊಳಗೂ ಒಕ್ಕಲಾಗಿ ಬರುತ್ತಾರೆ. ಜೇನು ಕೀಳುವ ಸೋಲಿಗರ ನೀಲೇಗೌಡನನ್ನೂ ಅವನ ಮಡದಿ ಸಂಕಮ್ಮನನ್ನೂ ಕಂಸಾಳೆಯವರ ಬಾಯಲ್ಲಿ ಕೇಳದ ಮನೆ ಆ ಕಡೆ ಇಲ್ಲ.

ಈ ಬೆಟ್ಟದ ತಪ್ಪಲಲ್ಲಿ ವರ್ಷಕ್ಕೆ ೬೦೦ ಮಿಲಿಮೀಟರಿನಷ್ಟು ಮಳೆ. ನೆತ್ತಿಯ ಕಡೆ ಅದರ ಎರಡು ಪಟ್ಟಿಗೂ ಮೇಲು. ಆದುದರಿಂದ ಕೆಳಗೆ ಮುಳ್ಳಿನ ಕುರುಚಲು, ನಡುವೆ ಎಲೆ ಉದುರುವ ಕಾಡು, ಮೇಲೆ ಕಣಿವೆಗಳ ಮಡಿಲಲ್ಲಿ ನಿತ್ಯಹಸುರಿನ ಶೋಲೆ ಮತ್ತು ಹುಲ್ಲು. ಇವುಗಳಲ್ಲಿ ನಡುವಿನ ಕಾಡೇ ಹೆಚ್ಚು. ದಿಂಡಿಗ, ಮತ್ತಿ, ಹೊನ್ನೆ, ತಡಸಲು, ನೆಲ್ಲಿ, ಅಳಲೆ—ಇವೆಲ್ಲ ಮಾಘಮಾಸದ ಹೊತ್ತಿಗೆ ಎಲೆ ಉದುರಿಸಿ ನಿಲ್ಲುತ್ತವೆ. ನೆಲದ ಮೇಲೆ ಮೊಣಕಾಲಿನವರೆಗೆ ತರಗು. ಅದರ ನಡುವೆ ಆಳೆತ್ತರದ ಒಣಹುಲ್ಲು. ಒಂದು ಕಿಡಿ ಸಾಕು.

ಇಂಥ ಕಾಡಿನ ಮರಗಳು ಬೆಂಕಿಯೊಡನೆ ಬಾಳುವುದನ್ನು ಕಲಿತಿವೆ. ಮತ್ತಿಯ ತೊಗಟೆಯನ್ನು ನೋಡಿ: ಮೊಸಳೆಯ ಬೆನ್ನಿನಂತೆ ಬಿರಿದು ದಪ್ಪವಾಗಿ, ಒಳಗಿನ ಜೀವಕ್ಕೆ ಶಾಖ ತಾಗದಂತೆ ಕಾಯುತ್ತದೆ. ಎಳೆಯ ಸಸಿಗೆ ಈ ಕವಚವಿಲ್ಲ; ಬೆಂಕಿ ಬಂದರೆ ನೆಲದ ಮೇಲಿನ ಭಾಗ ಸುಟ್ಟೇ ಹೋಗುತ್ತದೆ. ಆದರೆ ಬೇರು ಸಾಯುವುದಿಲ್ಲ. ಮಳೆ ಬಂದೊಡನೆ ಬುಡದಿಂದ ಹೊಸ ಚಿಗುರು. ಮರುವರ್ಷ ಅದೂ ಸುಟ್ಟರೆ ಮತ್ತೊಂದು ಚಿಗುರು. ಹೀಗೆ ಮೇಲೆ ಸಾಯುತ್ತ, ಕೆಳಗೆ ಬೇರುಗಡ್ಡೆಯನ್ನು ದಪ್ಪ ಮಾಡಿಕೊಳ್ಳುತ್ತ, ಆ ಸಸಿ ಹಲವು ವರ್ಷ ಹೊಂಚು ಹಾಕುತ್ತದೆ. ನಡುವೆ ಮೂರು ನಾಲ್ಕು ವರ್ಷ ಬೆಂಕಿ ಬಾರದ ಒಂದು ಬಿಡುವು ಸಿಕ್ಕಿತೋ, ಕೂಡಿಟ್ಟ ಬಲವನ್ನೆಲ್ಲ ಒಂದೇ ಚಿಗುರಿಗೆ ಕೊಟ್ಟು ಜ್ವಾಲೆಯ ಎತ್ತರವನ್ನು ದಾಟಿಬಿಡುತ್ತದೆ. ಹುಲ್ಲಿನ ಮೊಳಕೆಗಳಂತೂ ಮಣ್ಣಿನ ಮಟ್ಟದಲ್ಲೇ ಅಡಗಿರುತ್ತವೆ. ಆದರೆ ಶೋಲೆಯ ಮರಗಳ ಮಾತು ಬೇರೆ. ಅವುಗಳ ತೊಗಟೆ ತೆಳು, ಬೆಂಕಿಯ ಅಭ್ಯಾಸವಿಲ್ಲ. ಅಂಚಿನಿಂದ ಬೆಂಕಿ ಮತ್ತೆಮತ್ತೆ ತಿಂದರೆ ಶೋಲೆ ಒಳಕ್ಕೆ ಸರಿಯುತ್ತ ಹೋಗುತ್ತದೆ. ಒಂದೇ ಬೆಟ್ಟದ ಮೇಲೆ ಬೆಂಕಿ ಬೇಕಾದ ಕಾಡೂ ಉಂಟು, ಬೇಡವಾದ ಕಾಡೂ ಉಂಟು ಎಂಬುದನ್ನು ಮೊದಲು ಮನಸ್ಸಿನಲ್ಲಿಡಬೇಕು.

ಇದನ್ನು ಪುಸ್ತಕದಲ್ಲಿ ಓದದೆಯೇ ಬಲ್ಲವರು ಸೋಲಿಗರು. ಅವರು ಕಾಡಿಗೆ ಇಡುತ್ತಿದ್ದ ಬೆಂಕಿಗೆ ‘ತರಗು ಬೆಂಕಿ’ ಎಂದು ಹೆಸರು. ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುವ ದಿನಗಳು ಅದರ ಕಾಲ. ಆಗ ತರಗು ಉದುರಿರುತ್ತದೆ, ಆದರೆ ಪೂರ್ತಿ ಒಣಗಿರುವುದಿಲ್ಲ. ರಾತ್ರಿಯ ಇಬ್ಬನಿ ಇನ್ನೂ ಬೀಳುತ್ತಿರುತ್ತದೆ. ಇಟ್ಟ ಬೆಂಕಿ ಮೊಣಕಾಲೆತ್ತರದಲ್ಲಿ ತೆವಳಿ, ಎಲ್ಲೋ ಒಂದು ಹಳ್ಳದ ತೇವ ಸಿಕ್ಕಿದೊಡನೆ ತಾನೇ ಆರಿಹೋಗುತ್ತದೆ. ಒಂದು ಕಡೆ ಸುಟ್ಟರೆ ಪಕ್ಕದ ಕಡೆ ಹಾಗೆಯೇ ಉಳಿಯುತ್ತದೆ. ಬೇಸಗೆಯ ನಡುವಿನಲ್ಲಿ ದೊಡ್ಡ ಬೆಂಕಿ ಬಂದರೂ, ಮೊದಲೇ ಸುಟ್ಟ ತುಂಡುಗಳು ಅದಕ್ಕೆ ಅಡ್ಡಗಟ್ಟೆಯಾಗುತ್ತವೆ. ದಾರಿ ಸ್ವಚ್ಛವಾಗಿ ಆನೆ ಕರಡಿ ದೂರದಿಂದಲೇ ಕಾಣುತ್ತವೆ, ಉಣ್ಣಿ ಸಾಯುತ್ತವೆ, ಕಡವೆ ಕಾಟಿಗಳಿಗೆ ಹೊಸ ಹುಲ್ಲು ಬರುತ್ತದೆ, ಗಟ್ಟಿ ಸಿಪ್ಪೆಯ ಬೀಜಗಳು ಬಿರಿದು ಮೊಳೆಯುತ್ತವೆ. ಇವು ಸೋಲಿಗ ಹಿರಿಯರು ಹೇಳುವ ಕಾರಣಗಳು. ಕಾಡು ಕಡಿದು ಸುಟ್ಟು ರಾಗಿ ಚೆಲ್ಲಿ, ಒಂದೆರಡು ಬೆಳೆ ತೆಗೆದು ಮುಂದಕ್ಕೆ ಹೋಗುವ ಅವರ ಬೇಸಾಯವೂ ಬೆಂಕಿಯದೇ. ಆದರೆ ತರಗು ಬೆಂಕಿ ಅದರಿಂದ ಬೇರೆಯಾದ ಕೆಲಸ. ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಯೆಲ್ಲೆಯುಂಟು. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳುಂಟು. ಬೆಂಕಿ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಕೂಡದು ಎಂಬುದು ಅವರಿಗೆ ಮನೆಯ ಒಲೆಯ ಲೆಕ್ಕದಷ್ಟೇ ಪರಿಚಿತ.

ಈ ಲೆಕ್ಕ ಸರ್ಕಾರಕ್ಕೆ ತಿಳಿಯಲಿಲ್ಲ. ತಿಳಿಯುವ ಹಾಗೂ ಇರಲಿಲ್ಲ. ಹಡಗಿಗೆ, ರೈಲುದಾರಿಯ ದಿಮ್ಮಿಗೆ ಮರ ಬೇಕಾಗಿದ್ದ ಕಾಲ ಅದು. ೧೮೫೬ರಲ್ಲಿ ಮದರಾಸು ಪ್ರಾಂತದ ಕಾಡುಗಳ ಮೊದಲ ಮುಖ್ಯಾಧಿಕಾರಿಯಾದ ಡಾಕ್ಟರ್ ಕ್ಲೆಗ್‌ಹಾರ್ನ್ ಕುಮರಿ ಬೇಸಾಯದ ಕಟುವಿರೋಧಿ. ೧೮೬೪ರ ಸುಮಾರಿಗೆ ಮಧ್ಯಪ್ರಾಂತದ ಬೋರಿ ಎಂಬ ಕಾಡಿನಲ್ಲಿ ಕರ್ನಲ್ ಪಿಯರ್‌ಸನ್ ಎಂಬಾತ ಬೆಂಕಿಯನ್ನು ಪೂರ್ತಿಯಾಗಿ ಹೊರಗಿಟ್ಟು ತೋರಿಸಿದ ಮೇಲೆ, ಬೆಂಕಿಯಿಂದ ಕಾಡನ್ನು ಕಾಯುವುದೇ ಅರಣ್ಯಾಧಿಕಾರಿಯ ಮೊದಲ ಧರ್ಮವೆಂದಾಯಿತು. ೧೮೮೨ರ ಮದರಾಸು ಅರಣ್ಯ ಕಾಯಿದೆಯಂತೆ ಮೀಸಲಾದ ಕಾಡಿನಲ್ಲಿ ಬೆಂಕಿ ಹಾಕುವುದು ಅಪರಾಧ. ಕೊಳ್ಳೇಗಾಲದ ಕಾಡುಗಳಿಗೆ ಅನ್ವಯಿಸಿದ್ದು ಈ ಕಾಯಿದೆಯೇ. ಮೈಸೂರಿನ ಕಡೆ ೧೯೦೦ರ ಅರಣ್ಯ ನಿಯಮಾವಳಿಯೂ ಇದೇ ಜಾಡಿನದು. ಬೆಂಕಿಗೆರೆ ಕಡಿಯುವುದು, ಕಾವಲುಗಾರರನ್ನು ನೇಮಿಸುವುದು, ಹೊಗೆ ಕಂಡರೆ ಓಡುವುದು—ಇಲಾಖೆಯ ಬೇಸಗೆ ಹೀಗೆ ಕಳೆಯತೊಡಗಿತು.

ಆ ಸಾಹೇಬರೆಲ್ಲರೂ ಒಂದೇ ಮಾತಾಡಿದರೆಂದಲ್ಲ. ಬರ್ಮಾದ ತೇಗದ ಕಾಡುಗಳಲ್ಲಿ ಹಲವು ವರ್ಷ ಬೆಂಕಿಯನ್ನು ತಡೆದ ಮೇಲೆ ನೋಡಿದರೆ, ಬಿದಿರೂ ಪೊದೆಯೂ ದಟ್ಟವಾಗಿ ಬೆಳೆದು ತೇಗದ ಸಸಿಯೇ ಇಲ್ಲ! ಸ್ಲೇಡ್ ಎಂಬ ಅಧಿಕಾರಿ ೧೮೯೬ರಲ್ಲಿ, ಬರ್ಮಾದಲ್ಲಿ ಬೆಂಕಿಯ ರಕ್ಷಣೆ ಅತಿಯಾಯಿತೆಂದು ಅರಣ್ಯಾಧಿಕಾರಿಗಳ ಪತ್ರಿಕೆಯಲ್ಲೇ ಬರೆದ. ದೊಡ್ಡ ಗದ್ದಲವೆದ್ದಿತು. ಮುಂದಿನ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಬೆಂಕಿತಡೆಯನ್ನು ಬಹುಮಟ್ಟಿಗೆ ಕೈಬಿಡಬೇಕಾಯಿತು. ಅಂದರೆ, ಬೆಂಕಿಯೆಲ್ಲ ಶತ್ರುವಲ್ಲ ಎಂಬ ಅರಿವು ಇಲಾಖೆಯ ಕಡತದೊಳಗೇ ಇತ್ತು. ಕಡತದಲ್ಲಿರುವುದು ಬೇರೆ, ಕಾಯಿದೆಯಲ್ಲಿರುವುದು ಬೇರೆ.

ಇಲ್ಲಿ ಸ್ವಲ್ಪ ಉತ್ತರಕ್ಕೆ ಹೋಗಿ ಬರೋಣ. ಹಿಮಾಲಯದ ಪೈನ್ ಮರವನ್ನು ಸಂಸ್ಕೃತ ಕವಿಗಳು ಸರಲವೆಂದರು. ಕಾಳಿದಾಸನ ಯಕ್ಷ ಮೇಘಕ್ಕೆ ದಾರಿ ಹೇಳುವಾಗ, ಸರಲದ ಕೊಂಬೆಗಳ ತಿಕ್ಕಾಟದಿಂದ ಹುಟ್ಟಿದ ಕಾಡುಗಿಚ್ಚು ಚಮರೀಮೃಗಗಳ ಬಾಲವನ್ನು ಸುಡುತ್ತಿದ್ದರೆ ಮಳೆಗರೆದು ಆರಿಸೆಂದು ಬೇಡುತ್ತಾನೆ. ೧೯೨೧ರ ಬೇಸಗೆಯಲ್ಲಿ ಕುಮಾವುಂ ಸೀಮೆಯ ಅದೇ ಸರಲದ ಕಾಡುಗಳು ಹೊತ್ತಿ ಉರಿದುವು. ಈ ಸಲ ತಿಕ್ಕಾಟ ಮರಗಳದ್ದಲ್ಲ; ಸರ್ಕಾರಕ್ಕೂ ಜನಕ್ಕೂ. ಹುಲ್ಲಿಗಾಗಿ ಬೆಂಕಿ ಹಾಕುವ ಹಳೆಯ ವಾಡಿಕೆಯನ್ನು ನಿಷೇಧಿಸಿ, ಮೇವಿಗೆ ಸೌದೆಗೆ ಕಟ್ಟುಪಾಡು ತಂದಾಗ ಹಳ್ಳಿಯವರು ರೊಚ್ಚಿಗೆದ್ದು ಕಾಡಿಗೇ ಬೆಂಕಿಯಿಟ್ಟರು. ಎರಡು ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು. ಸರ್ಕಾರ ಸಮಿತಿ ನೇಮಿಸಿ ಬಹಳಷ್ಟು ಕಾಡನ್ನು ಬಿಗಿಹಿಡಿತದಿಂದ ಬಿಟ್ಟಿತು. ೧೯೩೧ರಲ್ಲಿ ವನ ಪಂಚಾಯಿತಿಗಳ ನಿಯಮ ಬಂದಿತು. ಮರಗಳು? ದಪ್ಪ ತೊಗಟೆಯ ಹಿರಿಯ ಪೈನ್ ತಡೆದುಕೊಳ್ಳುತ್ತದೆ. ಅದರ ಬೀಜ ಉದುರುವುದೂ ಬೇಸಗೆಯಲ್ಲೇ. ಸುಟ್ಟು ಸ್ವಚ್ಛವಾದ ನೆಲ ಸಸಿಗೆ ಹದವಾದ ಮಡಿ. ಆದರೆ ರಾಳಕ್ಕಾಗಿ ಮೈ ಕೊಚ್ಚಿದ ಮರಕ್ಕೆ ಗಾಯದ ಮೂಲಕವೇ ಕಿಚ್ಚು ಹೊಗುತ್ತದೆ. ಸಸಿ ದಪ್ಪವಾಗುವ ಮೊದಲೇ ಬೆಂಕಿ ಮತ್ತೆಮತ್ತೆ ಬಂದರೆ ಹೊಸ ಪೀಳಿಗೆ ಉಳಿಯದು.

ಅಮೆರಿಕದಿಂದ ಇದಕ್ಕೊಂದು ಸಾಕ್ಷಿಯುಂಟು. ಅಲ್ಲಿನ ಯೆಲ್ಲೋಸ್ಟೋನ್ ವನದಲ್ಲಿ ಒಂದು ಜಾತಿಯ ಪೈನ್ ತನ್ನ ಬೀಜವನ್ನು ರಾಳದಿಂದ ಮುಚ್ಚಿದ ಕಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿರುತ್ತದೆ. ಬೆಂಕಿಯ ಕಾವಿಗೆ ರಾಳ ಕರಗಿ ಬೀಜ ಚೆಲ್ಲುತ್ತದೆ. ೧೯೮೮ರಲ್ಲಿ ಅಲ್ಲಿ ಸುಮಾರು ೮ ಲಕ್ಷ ಎಕರೆ ಸುಟ್ಟಾಗ ಲೋಕವೆಲ್ಲ ಮರುಗಿತು. ಕೆಲವೇ ವರ್ಷಗಳಲ್ಲಿ ಸಸಿಗಳು ಬೆಳೆಯಿಟ್ಟಂತೆ ಎದ್ದುವು. ಆದರೆ ೧೯೮೮ರಲ್ಲಿ ಸುಟ್ಟ ಜಾಗದ ಕೆಲವು ಭಾಗ ೨೦೧೬ರಲ್ಲಿ ಮತ್ತೆ ಸುಟ್ಟಿತು. ಮರಗಳಿಗಿನ್ನೂ ಇಪ್ಪತ್ತೆಂಟು ತುಂಬದ ಪ್ರಾಯ. ಬೀಜದ ಕಣಜ ತುಂಬಿರಲಿಲ್ಲ. ಈ ಸಲ ಎದ್ದ ಸಸಿಗಳು ಮೊದಲಿನ ಆರನೆಯ ಒಂದು ಪಾಲು ಮಾತ್ರ ಎಂದು ಎಣಿಸಿದವರು ಹೇಳುತ್ತಾರೆ. ಕಾಡನ್ನು ಕೊಲ್ಲುವುದು ಬರಿಯ ಬೆಂಕಿಯಲ್ಲ. ಬೆಂಕಿಯ ಕಾಲ, ಬೆಂಕಿಯ ಬಿಸಿ, ಎರಡು ಬೆಂಕಿಗಳ ನಡುವಣ ಬಿಡುವು, ಈ ಮೂರರ ಲೆಕ್ಕ ತಪ್ಪುವುದು.

ಈಗ ಬಿಳಿಗಿರಿಗೆ ಹಿಂದಿರುಗೋಣ. ಇಲ್ಲಿ ಲೆಕ್ಕ ತಪ್ಪಿದ್ದು ಬೇರೆ ದಿಕ್ಕಿನಿಂದ. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ೧೯೭೪ರಲ್ಲಿ ರಂಗನ ಗುಡಿಯ ಸುತ್ತಣ ಕಾಡು ಅಭಯಾರಣ್ಯವಾಯಿತು. ೧೯೮೭ರಲ್ಲಿ ಅದು ೫೩೯ ಚದರ ಕಿಲೋಮೀಟರಿಗೆ ಬೆಳೆಯಿತು. ಬೇಟೆ ನಿಂತಿತು, ಅಲೆಮಾರಿ ಬೇಸಾಯ ನಿಂತಿತು, ತರಗು ಬೆಂಕಿಯೂ ನಿಂತಿತು. ಸೋಲಿಗರನ್ನು ಪೋಡುಗಳಲ್ಲಿ ನೆಲೆಗೊಳಿಸಿದರು. ಪ್ರಾಣಿಗಳಿಗೆ ಆಶ್ರಯ ಸಿಕ್ಕಿತು, ಅದು ಸಂತೋಷದ ವಿಷಯವೇ. ಆದರೆ ಕಾಡಿನ ಕೆಳಹಾಸಿನಲ್ಲಿ ಮತ್ತೊಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತಿತ್ತು.

ಲಂಟಾನ ಎಂಬ ಗಿಡವನ್ನು ಅರಿಯದವರಿಲ್ಲ. ಬೇಲಿಯ ಮೇಲೆ ಅದರ ಬಣ್ಣಬಣ್ಣದ ಹೂವನ್ನು ನೋಡಿ ಮಕ್ಕಳು ಹಿಗ್ಗುತ್ತಾರೆ. ಅಮೆರಿಕದ ಉಷ್ಣಪ್ರದೇಶದ ಈ ಗಿಡ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದದ್ದು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ನಾಡೆಲ್ಲ ಹರಡಿದುವು. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಬಿಳಿಗಿರಿಯ ಕಾಡಿನಲ್ಲಿ ಗುರುತು ಹಾಕಿದ ತುಂಡುಗಳನ್ನು ಪರೀಕ್ಷಿಸಿದಾಗ, ೧೯೯೭ರಲ್ಲಿ ನೂರಕ್ಕೆ ಸುಮಾರು ೪೦ ತುಂಡುಗಳಲ್ಲಿದ್ದ ಲಂಟಾನ ೨೦೦೮ರ ಹೊತ್ತಿಗೆ ಸುಮಾರು ೮೦ ತುಂಡುಗಳಲ್ಲಿ ಕಂಡಿತು. ಆಳೆತ್ತರಕ್ಕೂ ಮೀರಿದ ಅದರ ಪೊದೆಯ ಕೆಳಗೆ ಹುಲ್ಲಿಲ್ಲ. ದಿಂಡಿಗದ ಸಸಿಗೂ ನೆಲ್ಲಿಯ ಸಸಿಗೂ ಬಿಸಿಲಿಲ್ಲ.

ಸೋಲಿಗ ಹಿರಿಯರ ವಾದ ಸರಳವಾದುದು. ಲಂಟಾನ ತಮ್ಮ ಚಿಕ್ಕಂದಿನಲ್ಲೂ ಇತ್ತು. ಆದರೆ ಪ್ರತಿ ವರ್ಷದ ಸಣ್ಣ ಬೆಂಕಿ ಅದರ ಎಳೆಯ ಸಸಿಯನ್ನೂ ಬೀಜವನ್ನೂ ತಿಂದುಬಿಡುತ್ತಿತ್ತು. ಬೆಂಕಿ ನಿಂತ ಮೇಲೆ ಅದನ್ನು ತಡೆಯುವವರಿಲ್ಲವಾದರು. ನೆಲ್ಲಿಯ ಮರಕ್ಕೆ ಹತ್ತುವ ‘ಉಪ್ಪಿಲು’ ಎಂಬ ಬದನಿಕೆಯ ವಿಷಯದಲ್ಲೂ ಅವರು ಹೀಗೆಯೇ ಹೇಳುತ್ತಾರೆ: ಬೆಂಕಿಯ ಕಾವಿಗೆ ಅದು ಸಾಯುತ್ತಿತ್ತು, ಕಾಯಿ ಕೊಯ್ಯುವಾಗ ಉಪ್ಪಿಲು ಹಿಡಿದ ಕೊಂಬೆಯನ್ನು ತಾವೇ ಕಡಿದುಹಾಕುತ್ತಿದ್ದೆವು. ೨೦೦೬ರ ಸುಮಾರಿಗೆ ಅಭಯಾರಣ್ಯದಲ್ಲಿ ಕಿರು ಅರಣ್ಯೋತ್ಪನ್ನ ಸಂಗ್ರಹಕ್ಕೂ ತಡೆ ಬಿದ್ದಾಗ ಆ ಕಡಿಯುವ ಕೈಯೂ ದೂರವಾಯಿತು.

ವಿಜ್ಞಾನಿಗಳೆಲ್ಲರೂ ಈ ಮಾತನ್ನು ಹಾಗೆಯೇ ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಬೆಂಕಿಯೇ ಲಂಟಾನಕ್ಕೆ ದಾರಿ ಮಾಡಿಕೊಡುತ್ತದೆ ಎಂಬ ವಾದವೂ ಉಂಟು: ಲಂಟಾನ ಚೆನ್ನಾಗಿ ಉರಿಯುತ್ತದೆ, ಉರಿದು ಪಕ್ಕದ ಗಿಡವನ್ನೂ ಕೊಲ್ಲುತ್ತದೆ, ಮಳೆ ಬಂದಾಗ ಎಲ್ಲಕ್ಕಿಂತ ಮೊದಲು ತಾನೇ ಬುಡದಿಂದ ಚಿಗುರುತ್ತದೆ, ಮತ್ತೆ ಉರಿಯುತ್ತದೆ. ಯೋಚಿಸಿ ನೋಡಿದರೆ ಎರಡು ವಾದಗಳೂ ಎರಡು ಬೇರೆ ಬೆಂಕಿಗಳ ಮಾತು. ಸೋಲಿಗರದ್ದು ಲಂಟಾನ ಮಂಡಿಯೆತ್ತರವಿದ್ದ ಕಾಲದ ಚಳಿಗಾಲದ ಬೆಂಕಿ. ಇಂದಿನದು ಲಂಟಾನವನ್ನೇ ಏಣಿ ಮಾಡಿಕೊಂಡು ಮರದ ತಲೆಗೆ ಹತ್ತುವ ಬೇಸಗೆಯ ಬೆಂಕಿ. ನಲವತ್ತು ವರ್ಷ ಒಲೆ ಹಚ್ಚದೆ ಸೌದೆ ತುಂಬಿಟ್ಟ ಮನೆಗೆ ಈಗ ಹೋಗಿ ದೀಪ ಹಚ್ಚಿಡು ಎಂದರೆ, ಹಚ್ಚುವವನೂ ಹೆದರುತ್ತಾನೆ. ಈ ಸ್ಥಿತಿಯಲ್ಲಿ ಬೆಂಕಿಯಿಡುವುದು ಅಪಾಯವೆಂದು ಸೋಲಿಗರೇ ಎಚ್ಚರಿಸುವುದುಂಟು. ಮೊದಲು ಪೊದೆ ತೆಗೆಯಬೇಕು, ಆಮೇಲೆ ಬೆಂಕಿ. ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕೋಲು ಕಡಿದು ಬೇಯಿಸಿ ಕುರ್ಚಿ ಮೇಜು ಹೆಣೆಯುವುದನ್ನು ಕಲಿತಿದ್ದಾರೆ. ಕಳೆಯಿಂದಲೂ ಕೂಳು ಹುಟ್ಟಬಹುದೆಂಬುದಕ್ಕೆ ಅದು ದೃಷ್ಟಾಂತ. ಆದರೆ ಬೆಟ್ಟವೆಲ್ಲ ಹಬ್ಬಿದ ಗಿಡವನ್ನು ಕುರ್ಚಿ ಮಾಡಿ ಮುಗಿಸಲಾದೀತೆ?

ನೆರೆಯ ಬಂಡೀಪುರದಲ್ಲಿ ೨೦೧೯ರ ಫೆಬ್ರುವರಿಯಲ್ಲಿ ಆದುದನ್ನು ವಾಚಕರು ಮರೆತಿರಲಾರರು. ನಾಲ್ಕೈದು ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಸುಟ್ಟಿತು. ಉಪಗ್ರಹದ ಚಿತ್ರದಲ್ಲಿ ಅದರ ಕಪ್ಪು ಕಲೆ ಕಂಡಿತು. ಬೆಂಕಿಯನ್ನು ನಂದಿಸಲು ಪ್ರಾಣದ ಹಂಗು ತೊರೆದು ಓಡಿದ ಕಾವಲುಗಾರರಲ್ಲಿ ಹಲವರು ಕಾಡಿನ ಅಂಚಿನ ಬಡವರೇ. ತರಗು ಕೂಡಿಟ್ಟವರೊಬ್ಬರು, ಅದರ ಉರಿಗೆ ಮೈಯೊಡ್ಡುವವರು ಇನ್ನೊಬ್ಬರು.

ಬಿಳಿಗಿರಿಯ ಕಥೆ ಇಲ್ಲಿಗೆ ಮುಗಿಯಲಿಲ್ಲ. ೨೦೧೧ರ ಆರಂಭದಲ್ಲಿ ಆ ಅಭಯಾರಣ್ಯ ಹುಲಿ ಸಂರಕ್ಷಣಾ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, ೨೦೦೬ರ ಅರಣ್ಯ ಹಕ್ಕು ಕಾಯಿದೆಯಂತೆ, ಸೋಲಿಗರ ೨೫ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ದೊರಕಿತು. ಹುಲಿಯ ಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಇವರು ಮೊದಲಿಗರು. ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವ ಹಕ್ಕು ಮರಳಿತು; ಯೆಲ್ಲೆಯ ದೇವರುಗಳಿಗೆ ನಡೆದುಕೊಳ್ಳುವ ಹಕ್ಕೂ ಮರಳಿತು. ಬೆಂಕಿ ಮಾತ್ರ ಮರಳಲಿಲ್ಲ. ಅಭಯಾರಣ್ಯದಲ್ಲಿ ಬೆಂಕಿ ಹಾಕುವುದು ಇಂದಿಗೂ ಅಪರಾಧ. ಕಾಡಿನಲ್ಲಿ ಕಿಚ್ಚು ಕಂಡರೆ ಮೊದಲ ಅನುಮಾನ ಹೋಗುವುದು ಬೆಂಕಿಯ ವಿದ್ಯೆ ಬಲ್ಲವರ ಮೇಲೆಯೇ.

ಎಲ್ಲ ಕಡೆ ಬೆಂಕಿಯಿಡಿ ಎಂದು ಯಾರೂ ಹೇಳುತ್ತಿಲ್ಲ. ಶೋಲೆಗೆ ಬೆಂಕಿ ಬೇಡ, ಎಪ್ರಿಲಿನಲ್ಲಿ ಬೇಡ, ವರ್ಷವರ್ಷವೂ ಒಂದೇ ಇಳಿಜಾರಿಗೆ ಬೇಡ. ಪೊದೆ ಕಡಿದು ತೆರವಾದ ಒಂದೆರಡು ಇಳಿಜಾರಿನಲ್ಲಿ, ಪುಷ್ಯ ಮಾಘದ ಇಬ್ಬನಿಯಿರುವಾಗ, ಸೋಲಿಗ ಹಿರಿಯರನ್ನು ಮುಂದಿಟ್ಟುಕೊಂಡು, ಇಲಾಖೆಯವರೂ ವಿಜ್ಞಾನಿಗಳೂ ಪಕ್ಕದಲ್ಲಿ ನಿಂತು ಒಂದಿಷ್ಟು ವರ್ಷ ಪರೀಕ್ಷಿಸಿ ನೋಡಬಾರದೆ? ಸೋಲಿಗರ ಮಾತು ತಪ್ಪಾಗಿದ್ದರೆ ಗೊತ್ತಾಗುತ್ತದೆ. ಸರಿಯಾಗಿದ್ದರೆ ಕಾಡೂ ಉಳಿಯುತ್ತದೆ, ವಿದ್ಯೆಯೂ ಉಳಿಯುತ್ತದೆ. ಇದರಲ್ಲಿ ಅವಸರವಿರುವುದಕ್ಕೆ ಕಾರಣವುಂಟು. ತರಗು ಬೆಂಕಿಯನ್ನು ಕೈಯಾರೆ ಇಟ್ಟು ಕಂಡವರಿಗೆ ಈಗ ಎಪ್ಪತ್ತು ಎಂಬತ್ತರ ವಯಸ್ಸು. ಸುಟ್ಟ ದಿಂಡಿಗದ ಸಸಿ ಬೇರುಗಡ್ಡೆಯ ಬಲದಿಂದ ವರ್ಷಗಟ್ಟಲೆ ಕಾಯಬಲ್ಲದು. ಮನುಷ್ಯನ ನೆನಪಿಗೆ ಹಾಗೆ ಬುಡದಿಂದ ಚಿಗುರುವ ಶಕ್ತಿಯಿಲ್ಲ.